ಕಣ್ಣು ಬೇನೆಗೆ ಯಾವ ಡ್ರಾಪ್ಸ್ ಹಾಕೋದು? ಓದುಗರ ಪ್ರಶ್ನೆ, ಕಣ್ಣಿನ ಡಾಕ್ಟರ ಉತ್ತರ

ಮಳೆಗಾಲ ಹಿಡೀತು ಅಂದ್ರೆ ಈ ಕಾಲಂಗೆ ಕಣ್ಣು ಬೇನೆ ಪ್ರಶ್ನೆಗಳು ಬರೋದಕ್ಕೆ ಶುರು. 2023ರ ಜುಲೈ, ಆಗಸ್ಟ್‌ನಲ್ಲಿ ನಮ್ಮ ರಾಜ್ಯದಲ್ಲಿ ಮದ್ರಾಸ್ ಐ ಹೆಂಗೆ ಹಬ್ಬಿತ್ತು ಅಂತ ನಿಮಗೆಲ್ಲಾ ನೆನಪಿರ್ಬೇಕು, ಮನೇಲಿ ಒಬ್ಬರಿಗೆ ಬಂದ್ರೆ ವಾರದೊಳಗೆ ಮನೆಮಂದಿಗೆಲ್ಲಾ, ಕ್ಲಾಸಲ್ಲಿ ಒಂದು ಮಗುವಿಗೆ ಬಂದ್ರೆ ಅರ್ಧ ಕ್ಲಾಸೇ ರಜ. ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚು ಜನಕ್ಕೆ ಉಪಯೋಗ ಆಗೋವಂಥವನ್ನ ಆರಿಸಿಕೊಂಡಿದೀನಿ. ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ.

ನಮಸ್ಕಾರ್ರೀ ಡಾಕ್ಟ್ರೇ. ಮೊದಲ ನಮ್ಮ ಹುಡುಗಗ ಸಾಲ್ಯಾಗಿಂದ ಬಂತು, ಆಮ್ಯಾಲ ನನಗ, ಈಗ ನಮ್ಮತ್ತಿಯವರಿಗೂ ಬಂದೈತ್ರಿ. ಮೆಡಿಕಲ್‌ನ್ಯಾಗ ಒಂದು ಆಂಟಿಬಯೋಟಿಕ್ ಡ್ರಾಪ್ಸ್ ಕೊಟ್ಟಾರ, ಮೂರೂ ಮಂದಿ ಅದನ್ನ ಹಾಕ್ಕೊಳಾಕತ್ತೀವಿ. ನಾಕು ದಿನ ಆತು, ಕಡಿಮಿ ಆಗವಲ್ದು. ಮುಂಜಾನೆ ಎದ್ರ ರೆಪ್ಪಿ ಅಂಟಿಕೊಂಡಿರ್ತಾವ. ಏನ್ ಮಾಡೋದ್ರಿ?
— ಹಾವೇರಿ

ಮೊದ್ಲು ಒಂದೇ ಬಾಟ್ಲಿನ ಮೂರು ಜನ ಹಾಕ್ಕೊಳ್ಳೋದನ್ನ ಇವತ್ತೇ ನಿಲ್ಲಿಸಿಬಿಡಿ ತಾಯಿ. ಬಾಟ್ಲಿ ಮೂತಿ ಒಬ್ಬರ ರೆಪ್ಪೆಗೆ ತಾಗಿದ್ರೆ ಸಾಕು, ಅದು ಔಷಧಿ ಜೊತೆ ರೋಗಾನೂ ಹಂಚುತ್ತೆ.

ಇನ್ನು ನಾಲ್ಕು ದಿನ ಆದ್ರೂ ಕಮ್ಮಿ ಆಗ್ಲಿಲ್ಲ ಅಂತ ಗಾಬರಿ ಆಗ್ಬೇಡಿ. ಹಿಂಗೆ ಮನೆಯೆಲ್ಲಾ ಸುತ್ತಿ ಬರೋ ಕಣ್ಣು ಬೇನೆ ಬಹುಪಾಲು ವೈರಸ್‌ದು, ಅದ್ರಲ್ಲೂ ಅಡಿನೋವೈರಸ್ ಅನ್ನೋದೇ ಹೆಚ್ಚು, ಮತ್ತೆ ಆಂಟಿಬಯೋಟಿಕ್ ಡ್ರಾಪ್ಸ್ ಕೊಲ್ಲೋದು ಬ್ಯಾಕ್ಟೀರಿಯಾನ ಮಾತ್ರ, ವೈರಸ್‌ನ ಅದು ಮುಟ್ಟೋದೂ ಇಲ್ಲ. ವೈರಸ್ ಕಣ್ಣು ಬೇನೆ ಮೂರರಿಂದ ಐದನೇ ದಿನದವರೆಗೆ ಏರುತ್ತೆ, ಆಮೇಲೆ ನಿಧಾನಕ್ಕೆ ಇಳಿಯುತ್ತೆ, ಪೂರ್ತಿ ಹೋಗೋಕೆ ಒಂದರಿಂದ ಎರಡು ವಾರ, ಕೆಲವ್ರಿಗೆ ಮೂರು ವಾರಾನೂ ಹಿಡಿಯುತ್ತೆ. ಅಂದ್ರೆ ನೀವೀಗ ಇರೋದು ಸರಿಯಾಗಿ ಅದು ಜೋರಾಗಿರೋ ಹೊತ್ತಲ್ಲಿ. ವಾಸಿ ಮಾಡೋದು ನಿಮ್ಮ ಮೈಯೇ, ನಾವು ಮಾಡ್ಬೇಕಾಗಿರೋದು ಆ ಉರಿ, ಆ ಕರಕರ, ಆ ನೀರು ಸೋರೋದನ್ನ ಸ್ವಲ್ಪ ತಡ್ಕೊಳ್ಳೋ ಹಾಗೆ ಮಾಡೋದು.

ಅದಕ್ಕೆ ಹಿಂಗೆ ಮಾಡಿ. ನೀರು ಕುದಿಸಿ ಆರೋಕೆ ಬಿಡಿ. ಬೆಳಗ್ಗೆ ರೆಪ್ಪೆ ಅಂಟಿದ್ರೆ ಎಳೆದು ಬಿಡಿಸೋಕೆ ಹೋಗ್ಬೇಡಿ, ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ, ಮುಚ್ಚಿದ ಕಣ್ಣಿನ ಮೇಲೆ ಒಂದು ನಿಮಿಷ ಇಟ್ಟರೆ ಗೀಜು ತಾನೇ ಮೆತ್ತಗಾಗುತ್ತೆ, ಆಮೇಲೆ ಮೂಗಿನ ಕಡೆಯಿಂದ ಹೊರಗಡೆಗೆ ಒಂದೇ ಸಲ ಒರೆಸಿ, ಆ ಹತ್ತಿ ಎಸೆದು ಇನ್ನೊಂದು ತಗೊಳ್ಳಿ. ಒಂದು ಕಣ್ಣಿಗೆ ಹಾಕಿದ ಹತ್ತಿ ಇನ್ನೊಂದು ಕಣ್ಣಿಗೆ ಬೇಡ. ಉರಿ ಊತ ಇದ್ದಾಗ ತಣ್ಣೀರು ಪಟ್ಟಿ ಬಹಳ ಹಿತ, ಒಗೆದ ಕಾಟನ್ ಬಟ್ಟೆನ ತಣ್ಣೀರಲ್ಲಿ ಅದ್ದಿ ಹಿಂಡಿ ಕಣ್ಣು ಮುಚ್ಚಿ ಐದು ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಒಬ್ಬೊಬ್ಬರಿಗೆ ಒಂದೊಂದು ಬಟ್ಟೆ. ಐಸ್ ನೇರವಾಗಿ ಇಡ್ಬೇಡಿ. ಆಮೇಲೆ ಕೃತಕ ಕಣ್ಣೀರು ಅಂತ ಡ್ರಾಪ್ಸ್ ಬರುತ್ತೆ, ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ 0.5% ಅಂತ ಲೇಬಲ್ ಮೇಲೆ ಇರುತ್ತೆ, ಅದನ್ನ ದಿನಕ್ಕೆ ನಾಲ್ಕೈದು ಸಲ ಹಾಕ್ಕೋಬಹುದು, ಫ್ರಿಡ್ಜಲ್ಲಿಟ್ಟು ಹಾಕ್ಕೊಂಡ್ರೆ ಇನ್ನೂ ತಂಪು. ನೋವು, ಮೈಬಿಸಿ ಇದ್ರೆ ಪ್ಯಾರಾಸಿಟಮಾಲ್ ಸಾಕು.

ದಿನವಿಡೀ ಹಳದಿ ಅಥವಾ ಹಸಿರು ಬಣ್ಣದ ಗಟ್ಟಿ ಕೀವು ಬರ್ತಾನೇ ಇದ್ರೆ, ಒರೆಸಿದಷ್ಟೂ ತುಂಬ್ಕೋತಿದ್ರೆ ಅದು ಬ್ಯಾಕ್ಟೀರಿಯಾ ಇರಬಹುದು, ಆಗ ಆಂಟಿಬಯೋಟಿಕ್ ಡ್ರಾಪ್ಸ್‌ಗೆ ಅರ್ಥ ಇದೆ, ಡಾಕ್ಟರ್ ನೋಡಿ ಬರೆದುಕೊಡ್ತಾರೆ. ನಿಮ್ಮ ಅತ್ತೆಯವರಿಗೆ ಇತ್ತೀಚೆಗೆ ಪೊರೆ ಆಪರೇಷನ್ ಆಗಿದ್ರೆ ಮಾತ್ರ ಕಾಯೋದು ಬೇಡ, ಅವರನ್ನ ಇವತ್ತೇ ತೋರಿಸಿ.

ಹೋದ ವರ್ಷ ಕಣ್ಣು ಕೆಂಪಾದಾಗ ಮೆಡಿಕಲ್ ಶಾಪಲ್ಲಿ ಕೊಟ್ಟ ಡ್ರಾಪ್ಸ್ ಹಾಕಿದ್ರೆ ಒಂದೇ ದಿನಕ್ಕೆ ಕಣ್ಣು ಬೆಳ್ಳಗಾಯ್ತು ಸರ್. ನಾನು ಗೂಡ್ಸ್ ಗಾಡಿ ಓಡಿಸ್ತೀನಿ, ಧೂಳು ಜಾಸ್ತಿ. ಈಗ ಯಾವಾಗ ಉರಿ ಬಂದ್ರೂ ಅದನ್ನೇ ತಂದು ಹಾಕ್ಕೋತೀನಿ, ಮದ್ರಾಸ್ ಐ ಬಂದಾಗ್ಲೂ ಅದೇ. ಹೆಸರಿನ ಕೊನೇಲಿ 'ಡಿ' ಅಂತಿದೆ. ಮನೆಯವ್ರು ಡಾಕ್ಟರ್‌ನ ಕೇಳು ಅಂತಿದಾರೆ, ಏನಾದ್ರೂ ತೊಂದ್ರೆ ಇದ್ಯಾ?
— ದಾವಣಗೆರೆ

ತೊಂದ್ರೆ ಇದೆ, ಅದಕ್ಕೇ ನಿಮ್ಮ ಪ್ರಶ್ನೆಗೆ ಉದ್ದಕ್ಕೆ ಬರೀತೀನಿ, ದಯವಿಟ್ಟು ಪೂರ್ತಿ ಓದಿ, ಮನೆಯವರಿಗೂ ಓದಿಸಿ. ಕೇಳು ಅಂತ ಅವರು ಹೇಳಿದ್ದು ತುಂಬಾ ಒಳ್ಳೇದಾಯ್ತು.

ಹೆಸರಿನ ಕೊನೇಲಿ 'ಡಿ' ಇರೋ ಕಣ್ಣಿನ ಡ್ರಾಪ್ಸ್ ಅಂದ್ರೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಜೊತೆ ಡೆಕ್ಸಾಮೆಥಾಸೋನ್ ಸೇರಿಸಿರ್ತಾರೆ, ಅದು ಸ್ಟಿರಾಯ್ಡ್. ಬಾಕ್ಸ್ ಮೇಲೆ ಸಣ್ಣಕ್ಷರದಲ್ಲಿ ಒಳಗೇನಿದೆ ಅಂತ ಬರೆದಿರ್ತಾರೆ, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೂರೋಮೆಥೋಲೋನ್, ಲೋಟೆಪ್ರೆಡ್ನಾಲ್ ಇದ್ರಲ್ಲಿ ಯಾವ ಹೆಸರು ಕಂಡ್ರೂ ಅದು ಸ್ಟಿರಾಯ್ಡೇ.

ಸ್ಟಿರಾಯ್ಡ್ ಕೆಟ್ಟದ್ದಲ್ಲ, ನಾವೇ ಎಷ್ಟೋ ಜನಕ್ಕೆ ಬರೀತೀವಿ. ಆದ್ರೆ ಅದು ಮಾಡೋ ಕೆಲಸ ಏನು ಅಂತ ತಿಳ್ಕೊಳ್ಳಿ. ಕಣ್ಣು ಕೆಂಪಾಗೋದು ಒಳಗೆ ನಿಮ್ಮ ಮೈ ರೋಗದ ಜೊತೆ ಹೋರಾಡ್ತಿರೋದ್ರಿಂದ, ಸ್ಟಿರಾಯ್ಡ್ ಆ ಹೋರಾಟವನ್ನೇ ಅದುಮಿಬಿಡುತ್ತೆ. ಕೆಂಪು ಹೋಯ್ತು, ಉರಿ ಹೋಯ್ತು, ಕನ್ನಡಿ ನೋಡ್ಕೊಂಡ್ರೆ ಕಣ್ಣು ಬೆಳ್ಳಗಿದೆ, ಆದ್ರೆ ವೈರಸ್ ಹೋಗಿಲ್ಲ, ಇನ್ನೂ ಹೆಚ್ಚು ದಿನ ಒಳಗೇ ಇರುತ್ತೆ, ನಿಮ್ಮಿಂದ ಬೇರೆಯವರಿಗೂ ಹೆಚ್ಚು ದಿನ ಹರಡುತ್ತೆ. ಇದೇ ಕೆಂಪು ಹರ್ಪಿಸ್ ವೈರಸ್‌ದಾಗಿದ್ರೆ, ಅಥವಾ ಕರಿಗುಡ್ಡೆ ಮೇಲೆ ಸಣ್ಣ ಹುಣ್ಣು ಆಗಿದ್ರೆ, ಸ್ಟಿರಾಯ್ಡ್ ಬಿದ್ದ ಮೇಲೆ ಅದು ತಡೆ ಇಲ್ಲದೆ ಬೆಳೆಯುತ್ತೆ, ಕಣ್ಣಿನ ದೃಷ್ಟಿಯನ್ನೇ ತಿಂದುಹಾಕುತ್ತೆ.

ನನಗೆ ನಿಮ್ಮ ವಿಷಯದಲ್ಲಿ ಹೆಚ್ಚು ಚಿಂತೆ ಆಗಿರೋದು ಇನ್ನೊಂದು. ಸ್ಟಿರಾಯ್ಡ್ ಡ್ರಾಪ್ಸ್ ವಾರಗಟ್ಟಲೆ ಹಾಕಿದ್ರೆ ಕೆಲವ್ರಿಗೆ ಕಣ್ಣೊಳಗಿನ ಪ್ರೆಶರ್ ಏರುತ್ತೆ. ಬಿಪಿ ಬೇರೆ, ಇದು ಬೇರೆ. ನೋವಿರಲ್ಲ, ಕೆಂಪಿರಲ್ಲ, ಏನೂ ಗೊತ್ತಾಗಲ್ಲ, ಒಳಗೆ ಕಣ್ಣಿನ ನರ ಮಾತ್ರ ಸವೀತಾ ಇರುತ್ತೆ, ಅದೇ ಗ್ಲಾಕೋಮಾ. ಮೊದ್ಲು ಹೋಗೋದು ಪಕ್ಕದ ನೋಟ, ಎದುರಿಗಿರೋದು ಚೆನ್ನಾಗೇ ಕಾಣುತ್ತೆ, ಹಂಗಾಗಿ ಗೊತ್ತಾಗೋ ಹೊತ್ತಿಗೆ ತಡ ಆಗಿರುತ್ತೆ, ಹೋದ ದೃಷ್ಟಿ ಯಾವ ಆಪರೇಷನ್ ಮಾಡಿದ್ರೂ ವಾಪಸ್ ಬರಲ್ಲ. ಗಾಡಿ ಓಡಿಸೋರಿಗೆ ಪಕ್ಕದ ನೋಟ ಹೋದ್ರೆ ಏನು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಇದರ ಜೊತೆಗೆ ಚಿಕ್ಕ ವಯಸ್ಸಲ್ಲೇ ಪೊರೆ ಬರೋದೂ ಉಂಟು.

ಹಾಗಾಗಿ ಈ ವಾರವೇ ಒಬ್ಬ ಕಣ್ಣಿನ ಡಾಕ್ಟರ್ ಹತ್ರ ಹೋಗಿ, ಎಷ್ಟು ತಿಂಗಳಿಂದ ಎಷ್ಟು ಸಲ ಹಾಕಿದೀರ ಅಂತ ಮುಚ್ಚುಮರೆ ಇಲ್ದೆ ಹೇಳಿ, ಬಾಟ್ಲಿನೂ ತಗೊಂಡು ಹೋಗಿ, ಪ್ರೆಶರ್ ಮತ್ತು ನರ ನೋಡಿ ಅಂತ ನೀವೇ ಕೇಳಿ. ಪ್ರೆಶರ್ ನೋಡೋಕೆ ಕೆಲವೇ ನಿಮಿಷ ಸಾಕು, ಜಿಲ್ಲಾ ಆಸ್ಪತ್ರೆಯಲ್ಲೂ ನೋಡ್ತಾರೆ. ದಿನಾ ಹಾಕ್ತಾ ಇದ್ರೆ ನೀವಾಗೇ ಒಮ್ಮೆಲೆ ನಿಲ್ಲಿಸ್ಬೇಡಿ, ಹೆಂಗೆ ಕಮ್ಮಿ ಮಾಡ್ಬೇಕು ಅಂತ ಅವರು ಹೇಳ್ತಾರೆ. ಈ ಔಷಧಿನ ಚೀಟಿ ಇಲ್ದೆ ಮಾರೋ ಹಾಗೇ ಇಲ್ಲ, ಆದ್ರೂ ಎಲ್ಲಾ ಊರಲ್ಲೂ ಕೌಂಟರ್ ಮೇಲಿಂದ ಸಿಗ್ತಿದೆ, ಇದು ನನಗೆ ನಿಜಕ್ಕೂ ಸಂಕಟ ಆಗೋ ವಿಷಯ. ಧೂಳಿಗೆ ಬೇಕಾಗಿರೋದು ಒಂದು ಪ್ಲೇನ್ ಕನ್ನಡಕ, ದಿನದ ಕೊನೆಗೆ ಶುದ್ಧ ನೀರಲ್ಲಿ ಮುಖ ತೊಳೆಯೋದು, ಬೇಕಾದ್ರೆ ಮೇಲೆ ಹೇಳಿದ ಕೃತಕ ಕಣ್ಣೀರು, ಅಷ್ಟೇ.

ನಮ್ಮಪ್ಪನಿಗೆ ಕಬ್ಬು ಸೋಗೆ ತರಿಯುವಾಗ ಗರಿ ಕಣ್ಣಿಗೆ ಬಡೀತು, ಐದು ದಿನ ಆಯ್ತು. ಕಣ್ಣು ಕೆಂಪಗಿದೆ, ನೀರು ಸುರೀತಿದೆ, ಬೆಳಕು ನೋಡೋಕಾಗಲ್ಲ ಅಂತಾರೆ. ಊರಲ್ಲಿ ಎಲ್ರಿಗೂ ಕಣ್ಣು ಬೇನೆ ಇದೆ, ಇದೂ ಅದೇ ಅಂತ ಎದೆಹಾಲು ಹಾಕಿಸಿದ್ವಿ. ಇನ್ನೆಷ್ಟು ದಿನ ಕಾಯಬಹುದು?
— ಮಂಡ್ಯ ಜಿಲ್ಲೆ

ಒಂದು ದಿನಾನೂ ಕಾಯ್ಬೇಡಿ. ಇದನ್ನ ಓದ್ತಿದ್ದಂಗೇ ಅಪ್ಪನ್ನ ಕರ್ಕೊಂಡು ಹೊರಡಿ.

ಇದು ಕಣ್ಣು ಬೇನೆ ಅಲ್ಲ ಅನ್ನೋದಕ್ಕೆ ನೀವು ಬರೆದಿರೋದ್ರಲ್ಲೇ ಸುಳಿವು ಇದೆ. ಗರಿ ಬಡಿದಿದೆ, ಬೆಳಕು ತಡೆಯೋಕಾಗ್ತಿಲ್ಲ, ದಿನ ಕಳೆದಂಗೆ ಕಮ್ಮಿ ಆಗ್ತಿಲ್ಲ. ಕಬ್ಬಿನ ಗರಿ, ಭತ್ತದ ತೆನೆ, ಜೋಳದ ರವದಿ ಹಿಂಗೆ ಯಾವುದಾದ್ರೂ ಹಸಿರು ಕಣ್ಣಿಗೆ ತಾಗಿದಾಗ ಕರಿಗುಡ್ಡೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಆಗುತ್ತೆ, ಆ ಗೀರಿನಲ್ಲಿ ಗಿಡದ ಮೇಲಿರೋ ಫಂಗಸ್ ಕೂತ್ಕೊಳ್ಳುತ್ತೆ. ನಮ್ಮ ದಕ್ಷಿಣ ಭಾರತದ ರೈತರಲ್ಲಿ ಕಣ್ಣಿನ ಹುಣ್ಣಿಗೆ ಇದು ಬಹಳ ದೊಡ್ಡ ಕಾರಣ. ನಿಧಾನಕ್ಕೆ ಬೆಳೆಯುತ್ತೆ, ಮೊದಲ ವಾರ ಬರೀ ಕೆಂಪು ಅನ್ನಿಸುತ್ತೆ, ಆಮೇಲೆ ಕರಿಗುಡ್ಡೆ ಮೇಲೆ ಬೂದು ಬಿಳಿ ಚುಕ್ಕೆ ಕಾಣುತ್ತೆ. ಟಾರ್ಚ್ ಬೆಳಕಲ್ಲಿ ನೋಡಿ, ಚುಕ್ಕೆ ಕಂಡ್ರೆ ಹುಣ್ಣು ಆಗಿದೆ ಅಂತಾನೇ ಅರ್ಥ, ಕಾಣದಿದ್ರೂ ಹೋಗ್ಲೇಬೇಕು.

ಆಸ್ಪತ್ರೆಯಲ್ಲಿ ಹುಣ್ಣಿನ ಮೇಲಿಂದ ಸ್ವಲ್ಪ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿ ಫಂಗಸ್ಸೋ ಬ್ಯಾಕ್ಟೀರಿಯಾನೋ ಅಂತ ತಿಳ್ಕೊಂಡು ಔಷಧಿ ಕೊಡ್ತಾರೆ, ಫಂಗಸ್ ಆದ್ರೆ ನಾಟಮೈಸಿನ್ ಅನ್ನೋ ಡ್ರಾಪ್ಸ್ ಶುರುವಿನಲ್ಲಿ ಗಂಟೆ ಗಂಟೆಗೂ ಹಾಕ್ಬೇಕಾಗುತ್ತೆ, ವಾರಗಟ್ಟಲೆ. ತಾಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಗಳಿದ್ರೆ ಅಲ್ಲೇ ಮೊದ್ಲು ತೋರಿಸಿ, ಅವರು ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೋ ಬರೆದುಕೊಟ್ರೆ ನಾಳೆ ನೋಡೋಣ ಅನ್ಬೇಡಿ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಇನ್ನು ಒಂದು ತೊಟ್ಟೂ ಬೇಡ. ಹಾಲು ಅಮೃತ ಹೌದು, ಮಗುವಿನ ಹೊಟ್ಟೆಗೆ. ಗಾಯ ಆದ ಕಣ್ಣಲ್ಲಿ ಅದು ಕ್ರಿಮಿಗಳಿಗೆ ಊಟ.

ಕಣ್ಣಿಗೆ ಸುಣ್ಣ ಸಿಡಿದಾಗ್ಲೂ ಜನ ಹಿಂಗೇ ಏನೇನೋ ಹಾಕಿ ಹೊತ್ತು ಕಳೀತಾರೆ. ಅದಕ್ಕೆ ತಕ್ಷಣ ಅಲ್ಲೇ ನಲ್ಲಿ ಕೆಳಗೆ ಕಣ್ಣಿಟ್ಟು ಅರ್ಧ ಗಂಟೆ ನೀರು ಬಿಡಿ, ಆಮೇಲೆ ಆಸ್ಪತ್ರೆ.

ನಮ್ಮ ಕಡೆ ಕಣ್ಣು ಕೆಂಪಾದ್ರೆ ನಂದಿಬಟ್ಟಲು ಹೂವು ಇಡೋದು ರೂಢಿ. ಅದೂ ಬೇಡವೇ?
— ಶಿರಸಿ

ಕಣ್ಣು ಮುಚ್ಚಿ, ತೊಳೆದ ಹೂವನ್ನ ರೆಪ್ಪೆ ಮೇಲೆ ಇಟ್ಕೊಂಡು ಮಲಗಿದ್ರೆ ತಂಪು ಅನ್ನಿಸುತ್ತೆ, ನಾನು ಬೇಡ ಅನ್ನಲ್ಲ, ತಣ್ಣೀರು ಬಟ್ಟೆ ಮಾಡೋ ಕೆಲಸಾನೇ ಅದೂ ಮಾಡೋದು. ಒಬ್ಬರಿಗೆ ಇಟ್ಟ ಹೂವು ಇನ್ನೊಬ್ಬರಿಗೆ ಬೇಡ. ಆದ್ರೆ ಹೂವನ್ನ ಹಿಂಡಿ ರಸಾನ ಕಣ್ಣೊಳಗೆ ಬಿಡೋದು ಬೇಡ, ಜೇನುತುಪ್ಪ, ತುಳಸಿ ರಸ, ರೋಸ್ ವಾಟರ್ ಯಾವುದೂ ಬೇಡ. ಕಣ್ಣೊಳಗೆ ಹಾಕೋದು ಯಾವ್ದೇ ಇರ್ಲಿ ಕ್ರಿಮಿ ಇಲ್ಲದಂತೆ ಮಾಡಿದ್ದಾಗಿರ್ಬೇಕು, ಅಂಗಳದ ಹೂವು ಎಷ್ಟೇ ತೊಳೆದ್ರೂ ಹಂಗಾಗಲ್ಲ.

ಕಣ್ಣು ಬೇನೆ ಬಂದವರ ಕಣ್ಣನ್ನ ನೋಡಿದ್ರೆ ನಮಗೂ ಬರುತ್ತಾ? ಅದಕ್ಕೇ ಕೂಲಿಂಗ್ ಗ್ಲಾಸ್ ಹಾಕೋದಾ?
— ಪಿಯುಸಿ ವಿದ್ಯಾರ್ಥಿನಿ, ಉಡುಪಿ

ನೋಡಿದ್ರೆ ಬರಲ್ಲ ಮಗಳೇ. ಅವರು ಕಣ್ಣುಜ್ಜಿದ ಕೈಯಲ್ಲಿ ಮುಟ್ಟಿದ ಪೆನ್ನು, ಮೊಬೈಲು, ಬಸ್ಸಿನ ಕಂಬಿ, ಟವೆಲ್ಲು ಇವನ್ನ ನೀನು ಮುಟ್ಟಿ ಅದೇ ಕೈಯಲ್ಲಿ ನಿನ್ನ ಕಣ್ಣು ಮುಟ್ಟಿಕೊಂಡ್ರೆ ಬರುತ್ತೆ. ಅಡಿನೋವೈರಸ್ ಹಿಂಗೆ ವಸ್ತುಗಳ ಮೇಲೆ ದಿನಗಟ್ಟಲೆ ಬದುಕಿರುತ್ತೆ. ಕೂಲಿಂಗ್ ಗ್ಲಾಸ್ ಹಾಕಿದ್ರೆ ಬಿಸಿಲು ಚುಚ್ಚೋದು ಕಮ್ಮಿ, ಪದೇಪದೇ ಕೈ ಕಣ್ಣಿಗೆ ಹೋಗೋದೂ ಸ್ವಲ್ಪ ತಪ್ಪುತ್ತೆ, ಅಷ್ಟೇ ಅದರ ಉಪಯೋಗ. ಫ್ರೆಂಡ್ಸ್ ಜೊತೆ ಕಾಡಿಗೆ, ಐಲೈನರ್ ಹಂಚ್ಕೋಬೇಡ, ಬೇನೆ ಬಂದಾಗ ಬಳಸಿದ್ದನ್ನ ಎಸೆದುಬಿಡು.

ಕಣ್ಣು ಬೇನೆ ನಿನ್ನೆ ಸಂಜೆ ಶುರುವಾಗಿದ್ದು, ಇವತ್ತು ಬೆಳಗ್ಗೆ ನೋಡಿದ್ರೆ ಬಿಳಿಗುಡ್ಡೆ ಮೇಲೆ ರಕ್ತ ಹೆಪ್ಪುಗಟ್ಟಿದಂಗೆ ಕಲೆ. ಮನೆಯವರೆಲ್ಲಾ ಹೆದರಿಬಿಟ್ಟಿದಾರೆ.
— ಚಿಕ್ಕಬಳ್ಳಾಪುರ

ನೋಡೋಕೆ ಭಯ ಆಗುತ್ತೆ ನಿಜ. ಆದ್ರೆ ದೃಷ್ಟಿ ಸರಿಯಿದ್ರೆ, ಏಟು ಬಿದ್ದಿಲ್ಲ ಅಂದ್ರೆ, ತಡೆಯೋಕಾಗದ ನೋವು ಇಲ್ಲ ಅಂದ್ರೆ ಹೆದರೋದು ಬೇಡ. ಎಂಟೆರೋವೈರಸ್ 70, ಕಾಕ್ಸಾಕಿ ಎ24 ಅಂತ ಎರಡು ವೈರಸ್‌ಗಳಿವೆ, ಅವುಗಳಿಂದ ಬರೋ ಕಣ್ಣು ಬೇನೆ ಹಿಂಗೇ, ತಗುಲಿ ಒಂದೆರಡು ದಿನದಲ್ಲೇ ಸಡನ್ನಾಗಿ ಶುರುವಾಗುತ್ತೆ, ಬಿಳಿಗುಡ್ಡೆ ಮೇಲಿನ ತೆಳು ಪದರದ ಕೆಳಗಿನ ಸಣ್ಣ ರಕ್ತನಾಳ ಒಡೆದು ಕೆಂಪು ಕಲೆ ಬೀಳುತ್ತೆ. 1969ರಲ್ಲಿ ಆಫ್ರಿಕಾದ ಘಾನಾ ದೇಶದಲ್ಲಿ ಇದು ಮೊದಲ ಸಲ ದೊಡ್ಡದಾಗಿ ಕಂಡಿದ್ದು, ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ ಅದು, ಅಲ್ಲಿನ ಜನ ಇದನ್ನ ಅಪೋಲೋ ಕಾಯಿಲೆ ಅಂತಾನೇ ಕರೆದ್ರು. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಕೋಲ್ಕತ್ತಾದಲ್ಲಿ ಹಬ್ಬಿದಾಗ ಅಲ್ಲಿ ಜೊಯ್ ಬಾಂಗ್ಲಾ ಅನ್ನೋ ಹೆಸರು ಬಂತು.

ಉರಿ, ನೀರು ಸೋರೋದು ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ಹೋಗುತ್ತೆ. ಕಲೆ ಮಾತ್ರ ಹೋಗೋಕೆ ಎರಡು ಮೂರು ವಾರ ಬೇಕು, ಮೊಣಕಾಲಿಗೆ ಏಟು ಬಿದ್ದಾಗ ನೀಲಿಗಟ್ಟಿದ್ದು ಹಳದಿಯಾಗಿ ಮಾಯವಾಗುತ್ತಲ್ಲ, ಹಂಗೇ ಇದೂ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರಾಗಿದ್ರೆ ಒಂದ್ಸಲ ನಿಮ್ಮ ಡಾಕ್ಟರಿಗೆ ತಿಳಿಸಿ.

ನಾನು ಹಾಸ್ಟೆಲ್ ವಾರ್ಡನ್. ಹೆಣ್ಣುಮಕ್ಕಳ ಹಾಸ್ಟೆಲಲ್ಲಿ ಆರು ಜನಕ್ಕೆ ಬಂದಿದೆ. ಎಲ್ರಿಗೂ ಮುಂಜಾಗ್ರತೆಗೆ ಡ್ರಾಪ್ಸ್ ಹಾಕಿಸಿಬಿಡ್ಲಾ?
— ಬಳ್ಳಾರಿ

ಬೇಡ ಮೇಡಂ. ಕಣ್ಣು ಚೆನ್ನಾಗಿರೋರಿಗೆ ಡ್ರಾಪ್ಸ್ ಹಾಕಿದ್ರೆ ಬೇನೆ ಬರೋದು ತಪ್ಪಲ್ಲ, ಸಾಲಾಗಿ ನಿಲ್ಲಿಸಿ ಒಂದೇ ಬಾಟ್ಲಿಯಲ್ಲಿ ಹಾಕೋವಾಗ್ಲೇ ಹರಡೋ ಸಾಧ್ಯತೆ ಜಾಸ್ತಿ. ಆ ದುಡ್ಡಲ್ಲಿ ಸೋಪು ತರಿಸಿ. ಸ್ಯಾನಿಟೈಸರ್ ಈ ವೈರಸ್‌ಗೆ ಅಷ್ಟು ನಂಬಿಕೆಗೆ ಅರ್ಹ ಅಲ್ಲ, ಸೋಪು ನೀರೇ ಸರಿ. ಬೇನೆ ಬಂದಿರೋ ಆರು ಜನನ್ನ ಒಂದು ರೂಮಲ್ಲಿ ಮಲಗಿಸಿ, ಅವರ ಟವೆಲ್ಲು, ದಿಂಬಿನ ಕವರ್ರು, ಬಕೆಟ್ಟು ಮಗ್ಗು ಬೇರೆ ಇರ್ಲಿ, ಬಟ್ಟೆನ ಬಿಸಿನೀರಲ್ಲಿ ಒಗೆದು ನಿಮ್ಮ ಬಳ್ಳಾರಿ ಬಿಸಿಲಲ್ಲಿ ಒಣಗಿಸಿ. ಬಾಗಿಲ ಚಿಲಕ, ನಲ್ಲಿ ತಿರುಪು, ಎಲ್ರೂ ಬಳಸೋ ಫೋನು ದಿನಾ ಒರೆಸಿಸಿ, ಚಿಲಕಕ್ಕೂ ನಲ್ಲಿಗೂ ಬ್ಲೀಚಿಂಗ್ ಪುಡಿ ನೀರು ಆಗುತ್ತೆ. ನೀರು, ಗೀಜು ಬರೋದು ನಿಲ್ಲೋವರೆಗೆ ಕ್ಲಾಸಿಗೆ ಕಳಿಸ್ಬೇಡಿ. ಇನ್ನೊಂದು ಮಾತು, ಆ ಮಕ್ಕಳನ್ನ ಬೈದು ದೂರ ಇಟ್ಟಂಗೆ ಮಾಡ್ಬೇಡಿ, ಬೈತಾರೆ ಅಂತ ಹೆದರಿ ಮುಂದಿನ ಹುಡುಗಿ ಎರಡು ದಿನ ಮುಚ್ಚಿಡ್ತಾಳೆ, ಅಷ್ಟರಲ್ಲಿ ಇನ್ನೂ ನಾಲ್ಕು ಜನಕ್ಕೆ ಬಂದಿರುತ್ತೆ.

ನಾವು ಅಮೆರಿಕದಲ್ಲಿದೀವಿ. ಮಗನಿಗೆ ಮೂರು ವರ್ಷ, ಪಿಂಕ್ ಐ ಬಂದಿದೆ. ಡೇಕೇರ್‌ನವರು ಆಂಟಿಬಯೋಟಿಕ್ ಶುರು ಮಾಡಿ ಕಳಿಸಿ ಅಂತಾರೆ, ಇಲ್ಲಿನ ಡಾಕ್ಟರ್ ಬೇಡ, ವೈರಲ್ಲು ಅಂತಾರೆ. ಅತ್ತೆ ಊರಿಂದ ತಂದ ಡ್ರಾಪ್ಸ್ ಮನೇಲಿದೆ, ಹಾಕ್ಲಾ?
— ಮಿಚಿಗನ್

ಆ ಡ್ರಾಪ್ಸ್ ಬೇಡಮ್ಮ, ಅದರಲ್ಲಿ ಸ್ಟಿರಾಯ್ಡ್ ಇದ್ಯೋ ಇಲ್ವೋ ಗೊತ್ತಿಲ್ಲ, ದಾವಣಗೆರೆಯವರಿಗೆ ಬರೆದಿದ್ದನ್ನ ಓದಿ. ನಿಮ್ಮ ಡಾಕ್ಟರ್ ನೋಡಿ ಹೇಳಿರೋದ್ರಿಂದ ಅವರ ಮಾತೇ ಸರಿ, ಡೇಕೇರ್‌ಗೆ ತೋರಿಸೋಕೆ ಒಂದು ಲೆಟರ್ ಕೇಳಿ, ಕೊಡ್ತಾರೆ. ದೊಡ್ಡವರಿಗಿಂತ ಮಕ್ಕಳಲ್ಲಿ ಬ್ಯಾಕ್ಟೀರಿಯಾ ಕಣ್ಣು ಬೇನೆ ಜಾಸ್ತಿ, ಅದಕ್ಕೆ ಒಂದು ವಿಷಯ ಗಮನಿಸ್ತಿರಿ: ಕಣ್ಣಲ್ಲಿ ಕೀವು ಬರ್ತಾ ಜೊತೆಗೆ ಮಗು ಕಿವಿ ಹಿಡ್ಕೊಂಡು ಅಳೋಕೆ ಶುರು ಮಾಡಿದ್ರೆ, ಜ್ವರ ಬಂದ್ರೆ, ಮತ್ತೆ ಕರ್ಕೊಂಡು ಹೋಗಿ. ಒಂದೇ ಬ್ಯಾಕ್ಟೀರಿಯಾ ಕಣ್ಣಿಗೂ ಕಿವಿಗೂ ಹಿಡಿಯೋದುಂಟು, ಆಗ ಬರೀ ಡ್ರಾಪ್ಸ್ ಸಾಲಲ್ಲ, ಬಾಯಿಗೆ ಔಷಧಿ ಬೇಕಾಗುತ್ತೆ.

ನನ್ನ ತಂಗಿಗೆ ಹೆರಿಗೆ ಆಗಿ ಐದು ದಿನ. ಮಗುವಿನ ಎರಡೂ ಕಣ್ಣು ಊದಿ ಕೀವು ಬರ್ತಿದೆ. ಅಜ್ಜಿ ಕಾಡಿಗೆ ಹಚ್ಚಿದ್ರೆ ಹೋಗುತ್ತೆ ಅಂತಿದಾರೆ.
— ತುಮಕೂರು

ಹುಟ್ಟಿದ ಮೊದಲ ತಿಂಗಳಲ್ಲಿ ಮಗುವಿನ ಕಣ್ಣು ಕೆಂಪಾಗಿ, ಊದಿ, ಕೀವು ಬಂದ್ರೆ ಅದು ಎಮರ್ಜೆನ್ಸಿ, ಗಂಟೆಗಳ ಲೆಕ್ಕ. ಹೆರಿಗೆ ಹೊತ್ತಲ್ಲಿ ತಗುಲೋ ಕೆಲವು ಸೋಂಕುಗಳು ಎಳೇ ಕಣ್ಣಿನ ಕರಿಗುಡ್ಡೆಯನ್ನ ಬಹಳ ಬೇಗ ತೂತು ಮಾಡಿಬಿಡ್ತವೆ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಇಂಜೆಕ್ಷನ್ ಬೇಕಾಗಬಹುದು, ಅಪ್ಪ ಅಮ್ಮನಿಗೂ ಚಿಕಿತ್ಸೆ ಬೇಕಾಗಬಹುದು, ಅದಕ್ಕೆ ಯಾರೂ ಯಾರನ್ನೂ ದೂರೋ ಅಗತ್ಯ ಇಲ್ಲ. ಕಾಡಿಗೆ ಬೇಡ, ಎಷ್ಟೋ ಕಾಡಿಗೆಗಳಲ್ಲಿ ಸೀಸ ಇರುತ್ತೆ.

ಬಿಳಿಗುಡ್ಡೆ ಬೆಳ್ಳಗೇ ಇದ್ದು, ಊತ ಇಲ್ಲದೆ, ಬರೀ ನೀರು ಮತ್ತು ಸ್ವಲ್ಪ ಗೀಜು ತಿಂಗಳುಗಟ್ಟಲೆ ಬರ್ತಿರೋ ಮಕ್ಕಳ ವಿಷಯ ಬೇರೆ, ಅದು ಕಣ್ಣೀರಿನ ನಾಳ ಇನ್ನೂ ತೆರೆದಿಲ್ಲ ಅಂತ. ಮೂಗಿನ ಪಕ್ಕ ಮಸಾಜ್ ಮಾಡೋದನ್ನ ಡಾಕ್ಟರ್ ಹೇಳಿಕೊಡ್ತಾರೆ, ಬಹುತೇಕ ಮಕ್ಕಳಿಗೆ ವರ್ಷ ತುಂಬೋದ್ರೊಳಗೆ ಸರಿಹೋಗುತ್ತೆ.

ಕಾಂಟ್ಯಾಕ್ಟ್ ಲೆನ್ಸ್ ಹಾಕ್ತೀನಿ. ಒಂದು ಕಣ್ಣು ಕೆಂಪಾಗಿದೆ, ನೋವಿದೆ. ಆಫೀಸ್ ಪ್ರೆಸೆಂಟೇಶನ್ ಇದೆ, ಎರಡು ದಿನ ಅಡ್ಜಸ್ಟ್ ಮಾಡ್ಕೋಬಹುದಾ?
— ಬೆಂಗಳೂರು

ಆಗಲ್ಲ. ಲೆನ್ಸ್ ಈಗಲೇ ತೆಗೀರಿ, ಕನ್ನಡಕ ಹಾಕ್ಕೊಂಡು ಪ್ರೆಸೆಂಟೇಶನ್ ಕೊಡಿ, ಅದಕ್ಕೂ ಮುಂಚೆ ಕಣ್ಣಿನ ಡಾಕ್ಟರ್ ಹತ್ರ ಹೋಗಿ. ಲೆನ್ಸ್ ಹಾಕೋರ ಕೆಂಪು ಕಣ್ಣಲ್ಲಿ ನೋವಿದ್ರೆ ಅದನ್ನ ಹುಣ್ಣು ಅಂತಾನೇ ಹಿಡೀಬೇಕು, ಅಲ್ಲ ಅಂತ ನೋಡಿ ಗೊತ್ತಾಗೋವರೆಗೆ. ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕರಿಗುಡ್ಡೆ ಕರಗಿಸಬಲ್ಲದು. ಲೆನ್ಸ್, ಡಬ್ಬಿ, ಸೊಲ್ಯೂಷನ್ ಎಸೀಬೇಡಿ, ಜೊತೆಗೆ ತಗೊಂಡು ಹೋಗಿ, ಟೆಸ್ಟಿಗೆ ಬೇಕಾಗಬಹುದು. ವಾಸಿಯಾದ ಮೇಲೆ ಎಲ್ಲಾ ಹೊಸದು. ಮತ್ತೆ ಲೆನ್ಸನ್ನ ನಲ್ಲಿ ನೀರಲ್ಲಿ ಯಾವತ್ತೂ ತೊಳೀಬೇಡಿ.

ನಮ್ಮ ಹುಡುಗಗ ಎಂಟು ವರ್ಷ. ಪ್ರತಿ ಬ್ಯಾಸಿಗಿಗೆ ಕಣ್ಣ ಬ್ಯಾನಿ ಬರ್ತದರಿ. ಬರೇ ತಿಕ್ಕೋದ ಆಗೇದ. ನಮಗ್ಯಾರಿಗೂ ಹತ್ತಂಗಿಲ್ಲ, ಅವನೊಬ್ಬಗ ಮಾತ್ರ.
— ಕಲಬುರಗಿ

ಯಾರಿಗೂ ಹತ್ತಲ್ಲ, ಪ್ರತಿ ಬೇಸಿಗೆಗೆ ಬರುತ್ತೆ, ಕೆರೆತಾನೇ ಮುಖ್ಯ, ಇಷ್ಟು ಸಾಕು, ಇದು ಬಹುಶಃ ಅಲರ್ಜಿ. ನಿಮ್ಮ ಕಡೆಯಂಥ ಒಣ ಬಿಸಿಲು, ಧೂಳಿರೋ ಕಡೆ ಗಂಡುಮಕ್ಕಳಲ್ಲಿ ತುಂಬಾ ಕಾಣುತ್ತೆ. ಗೀಜು ಕೂಡ ಕೀವಿನ ಥರ ಇರಲ್ಲ, ನೂಲಿನ ಹಾಗೆ ಎಳೆ ಎಳೆಯಾಗಿ ಬರುತ್ತೆ. ಆಂಟಿಬಯೋಟಿಕ್ ಏನೂ ಮಾಡಲ್ಲ. ತಣ್ಣೀರು ಪಟ್ಟಿ, ಹೊರಗೆ ಹೋಗೋವಾಗ ಟೋಪಿ, ಕನ್ನಡಕ, ಮತ್ತೆ ಡಾಕ್ಟರ್ ಬರೆದುಕೊಡೋ ಓಲೋಪಟಾಡಿನ್ ಥರದ ಅಲರ್ಜಿ ಡ್ರಾಪ್ಸ್. ಬಹಳ ಜೋರಿದ್ರೆ ಕೆಲವೇ ದಿನಕ್ಕೆ ಸ್ಟಿರಾಯ್ಡ್ ಬರೀತಾರೆ, ಬರೆದಷ್ಟೇ ದಿನ ಹಾಕಿ, ಉಳಿದಿದ್ದನ್ನ ಮುಂದಿನ ಬೇಸಿಗೆಗೆ ಅಂತ ಎತ್ತಿಡಬೇಡಿ, ಈ ಅಲರ್ಜಿ ಇರೋ ಮಕ್ಕಳಲ್ಲೇ ಸ್ಟಿರಾಯ್ಡಿಂದ ಕಣ್ಣು ಹಾಳಾಗಿರೋದನ್ನ ನಾವು ಹೆಚ್ಚು ನೋಡೋದು. ತಿಕ್ಕೋದನ್ನ ಹೆಂಗಾದ್ರೂ ಬಿಡಿಸಿ, ವರ್ಷಗಟ್ಟಲೆ ತಿಕ್ಕಿದ್ರೆ ಕರಿಗುಡ್ಡೆ ತೆಳುವಾಗಿ ಮುಂದಕ್ಕೆ ಚೂಪಾಗೋ ಅಪಾಯ ಇದೆ. ಹದಿಹರೆಯ ದಾಟೋ ಹೊತ್ತಿಗೆ ಬಹಳಷ್ಟು ಮಕ್ಕಳಿಗೆ ತಾನೇ ಕಮ್ಮಿಯಾಗುತ್ತೆ.

ಮದ್ರಾಸ್ ಐ ಬಂದು ಹೋಗಿ ಮೂರು ವಾರ ಆಯ್ತು. ಕೆಂಪು ಇಲ್ಲ, ಆದ್ರೆ ಮಂಜು ಮಂಜು, ರಾತ್ರಿ ಎದುರು ಗಾಡಿ ಲೈಟು ಒಡೆದಂಗೆ ಕಾಣುತ್ತೆ.
— ಮೈಸೂರು

ಕೆಲವು ಜಾತಿಯ ಅಡಿನೋವೈರಸ್ ಕರಿಗುಡ್ಡೆ ಪದರದಲ್ಲಿ ಸಣ್ಣ ಸಣ್ಣ ಬೂದು ಚುಕ್ಕೆ ಬಿಟ್ಟು ಹೋಗುತ್ತೆ, ಅದರಿಂದ ಹಿಂಗಾಗುತ್ತೆ. ಯಂತ್ರದಲ್ಲಿ ನೋಡಿದ್ರೆ ತಕ್ಷಣ ಗೊತ್ತಾಗುತ್ತೆ, ಹೋಗಿ ತೋರಿಸಿ. ಹೆಚ್ಚಿನವರಿಗೆ ವಾರಗಳಲ್ಲಿ, ಕೆಲವ್ರಿಗೆ ತಿಂಗಳುಗಳಲ್ಲಿ ತಾನೇ ಕರಗುತ್ತೆ. ದೃಷ್ಟಿಗೆ ತುಂಬಾ ಅಡ್ಡ ಆಗಿದ್ರೆ ಡಾಕ್ಟರ್ ಕಡಿಮೆ ಪವರ್ ಸ್ಟಿರಾಯ್ಡ್ ಡ್ರಾಪ್ಸ್ ಕೊಟ್ಟು, ಪ್ರೆಶರ್ ನೋಡ್ತಾ ನಿಧಾನಕ್ಕೆ ಇಳಿಸ್ತಾರೆ. ಅಲ್ಲಿಯವರೆಗೆ ರಾತ್ರಿ ಹೈವೇಲಿ ಗಾಡಿ ಓಡಿಸೋದು ಬೇಡ.

ಡಾಕ್ಟರ್ ಬರೆದ ಡ್ರಾಪ್ಸ್ ತಂದಿದೀವಿ, ಆದ್ರ ನಮ್ಮ ಕೂಸು ಕಣ್ಣ ತೆರೆಯಂಗೇ ಇಲ್ರಿ, ಹಿಡಕೊಂಡು ಹಾಕಾಕ ಹೋದ್ರ ಮನಿ ಹಾರಿಹೋಗುವಂಗ ಅಳ್ತದ. ಹೆಂಗ ಹಾಕೋದ್ರಿ?
— ಧಾರವಾಡ

ಹಿಡಿದು ಒತ್ತಾಯ ಮಾಡ್ಬೇಡಿ. ಮೊದ್ಲು ನಿಮ್ಮ ಕೈ ತೊಳ್ಕೊಳ್ಳಿ. ಮಗುನ ಅಂಗಾತ ಮಲಗಿಸಿ, ಕಣ್ಣು ಮುಚ್ಕೋ ಪುಟ್ಟಾ ಅನ್ನಿ, ಮುಚ್ಚಲಿ ಬಿಡಿ. ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿ ಒಂದು ಹನಿ ಬಿಡಿ, ಅದು ಅಲ್ಲೇ ನಿಂತಿರುತ್ತೆ. ಆಮೇಲೆ ಮೇಲೆ ಫ್ಯಾನ್ ನೋಡು ಅಂತಲೋ ಏನೋ ಹೇಳಿ, ಕಣ್ಣು ಬಿಟ್ಟ ತಕ್ಷಣ ಹನಿ ತಾನೇ ಒಳಗೆ ಜಾರುತ್ತೆ. ಒಂದೇ ಹನಿ ಸಾಕು, ಎರಡನೇದು ಕೆನ್ನೆ ಮೇಲೆ ಹರಿದು ಹೋಗುತ್ತೆ ಅಷ್ಟೇ. ಎರಡು ಥರದ ಡ್ರಾಪ್ಸ್ ಬರೆದಿದ್ರೆ ಮಧ್ಯೆ ಐದು ನಿಮಿಷ ಬಿಡಿ. ಬಾಟ್ಲಿ ಮೂತಿ ರೆಪ್ಪೆಗೆ ತಾಗಬಾರದು. ಒಡೆದ ದಿನಾಂಕವನ್ನ ಬಾಟ್ಲಿ ಮೇಲೆ ಪೆನ್ನಲ್ಲಿ ಬರೆದಿಡಿ, ಬೇರೆ ಏನೂ ಲೇಬಲ್ ಮೇಲೆ ಹೇಳಿಲ್ಲ ಅಂದ್ರೆ ಒಂದು ತಿಂಗಳಾದ ಮೇಲೆ ಒಳಗೆ ಎಷ್ಟೇ ಉಳಿದಿದ್ರೂ ಎಸೆದುಬಿಡಿ.